ಚೀಟಿಯಲ್ಲಿ ಬರೆದ ಕಾಡು

ಅಲ್ ಖೋರ್ ಕ್ಲಿನಿಕ್ಕಿನ ಸುಡಾನಿ ಡಾಕ್ಟರಮ್ಮ
ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಬಿಟ್ಟು,
ನೂರ ಐವತ್ತೆಂಟು, ನೂರ ಎರಡು ಎಂದರು.
ಒಂದು ಗುಳಿಗೆ ಬರೆದರು. ಅದರ ಕೆಳಗೆ
ಗೆರೆ ಎಳೆದು ಇನ್ನೊಂದು ಮದ್ದು:
ವಾರಕ್ಕೊಮ್ಮೆ, ಎರಡು ಗಂಟೆ, ಮರಗಳ ನಡುವೆ. ಫೋನಿಲ್ಲದೆ.

ಕಾಡಿನಲ್ಲಿ ಮೀಯುವುದು ಅಂತಾರಂತೆ ಜಪಾನಿನವರು.
ಇಲ್ಲಿ ಕಾಡೆಲ್ಲಿ ಮೇಡಂ, ಎಂದೆ.
ಅವರು ಕಿಟಕಿಯತ್ತ ನೋಡಿದರು.
ಮರಳಿನ ಲಾರಿಯೊಂದು ರಿವರ್ಸ್ ಬರುತ್ತಿತ್ತು.

ನನ್ನ ಕೆಲಸ ಎಸಿಯ ಗಾಳಿ ಕೊಳವೆ ಶುಚಿ ಮಾಡುವುದು.
ಬ್ಯಾಂಕು, ಶಾಲೆ, ಹೋಟೆಲು; ಎಲ್ಲರ ತಲೆಯ ಮೇಲೆ
ಮೊಣಕೈ ಊರಿ ತೆವಳುವ ತಗಡಿನ ಸುರಂಗ.
ಹನ್ನೊಂದು ವರ್ಷದಲ್ಲಿ ಎತ್ತಿದ್ದು
ಯಾರ್ಯಾರದೋ ಕೂದಲು, ಕಾರ್ಪೆಟ್ಟಿನ ನೂಲು,
ಒಮ್ಮೆ ಗಾಳಿ ಹೋದ ಬಲೂನು,
ಒಮ್ಮೆ ಸತ್ತ ಪಾರಿವಾಳ, ರೆಕ್ಕೆ ಬಿಚ್ಚಿದ ಹಾಗೆಯೇ.
ಉಳಿದವರು ಉಸಿರಾಡಲಿ ಎಂದು ನಾನು ಉಸಿರು ಹಿಡಿಯುತ್ತೇನೆ.
ದೊಡ್ಡ ಮಾತೆಂದು ಹೇಳುತ್ತಿಲ್ಲ,
ಮಾಸ್ಕು ಸರಿಯಿಲ್ಲ, ಅಷ್ಟೆ.

ಶುಕ್ರವಾರ ವ್ಯಾನಿನ ಡ್ರೈವರ್, ಉಳ್ಳಾಲದ ಹಮ್ಮಬ್ಬ
ಚೀಟಿ ಓದಿಸಿಕೊಂಡು ನಕ್ಕ.
"ನೀರಿಲ್ಲದ ಕಡೆ ನಾವು ಮಣ್ಣು ಮುಟ್ಟಿ
ಮುಖ ಸವರಿಕೊಳ್ಳುತ್ತೇವೆ ಮಾರಾಯ, ತಯಮ್ಮುಮ್ ಅಂತ.
ನಮಾಜಿಗೆ ಅದೂ ಸಲ್ಲುತ್ತದೆ.
ಕಾಡಿಲ್ಲದ ಕಡೆ ಇದ್ದದ್ದರಲ್ಲಿ ಮೀಯಬೇಕು. ಹತ್ತು."

ದಖೀರಾ. ಡಾಮರು ಮುಗಿದಲ್ಲಿ
ಸಮುದ್ರ ಹಿಂದೆ ಸರಿದು ನಿಂತಿತ್ತು.
ನಡುವೆ ಹಸಿರು, ಆಳೆತ್ತರ, ಕಣ್ಣು ನಂಬದಷ್ಟು.
ನಮ್ಮೂರ ಅಳಿವೆಯಲ್ಲಿ ದೋಣಿ ಕಟ್ಟಲಿಕ್ಕಲ್ಲದೆ
ಯಾರೂ ತಿರುಗಿ ನೋಡದ ಕಾಂಡ್ಲ ಗಿಡದ ದಾಯಾದಿ.
ಇಲ್ಲಿ ಇದು ಕುರ್ಮ್.

ಚಪ್ಪಲಿ ಕಳಚಿದೆ. ಕೆಸರು
ಕಣಕಾಲು ಹಿಡಿದು ಬಿಟ್ಟಿತು, ಹಿಡಿದು ಬಿಟ್ಟಿತು,
ಡಾಕ್ಟರಮ್ಮನ ಪಟ್ಟಿಯ ಹಾಗೆ, ಲೆಕ್ಕ ಮಾತ್ರ ಹೇಳದೆ.
ಬೇರುಗಳು ಮಣ್ಣಿನಿಂದ ಮೇಲಕ್ಕೆ ಬೆರಳು ಚಾಚಿದ್ದವು,
ಸಾವಿರ, ಸಾವಿರ, ಪೆನ್ಸಿಲ್ಲಿನ ದಪ್ಪ.
ಕೆಸರಿನೊಳಗೆ ಗಾಳಿಯಿಲ್ಲವಲ್ಲ,
ಮರವೇ ತನ್ನ ಕೊಳವೆ ಹೊರಗಿಟ್ಟಿದೆ.
ಕಸುಬಿನ ಕಣ್ಣು, ಬಗ್ಗಿ ನೋಡಿದೆ.
ಧೂಳಿಲ್ಲ. ದಿನಕ್ಕೆರಡು ಸಲ
ಕಡಲು ಬಂದು ಕೆಲಸ ಮುಗಿಸಿ ಹೋಗುತ್ತದೆ,
ಓವರ್‌ಟೈಮು ಕೇಳದೆ.

ಬಂದು ಏನು ಮಾಡಬೇಕೆಂದು ಚೀಟಿಯಲ್ಲಿರಲಿಲ್ಲ.
ಅರ್ಧ ಗಂಟೆ ಕೈ ತಾನಾಗಿ ಜೇಬಿಗೆ ಹೋಗಿ
ಇಲ್ಲದ ಫೋನು ತಡಕಿ ವಾಪಸು ಬಂತು.
ಮಗಳ ಡಿಪ್ಲೊಮಾ ಫೀಸು ಕೊಂಬೆ ಕೊಂಬೆಯಲ್ಲಿ ಕೂತಿತ್ತು.
ಆಮೇಲೆ ಒಂದು ಏಡಿ, ಸೂಪರ್‌ವೈಸರನ ಹಾಗೆ ಅಡ್ಡಡ್ಡ ಬಂದು
ಹೆಬ್ಬೆರಳು ಪರೀಕ್ಷಿಸಿ, ಸಹಿ ಹಾಕದೆ ತೂತಿಗಿಳಿಯಿತು.
ಎಲೆಯ ಮೇಲೆ ಬಿಳಿ ಪುಡಿ. ನೆಕ್ಕಿದೆ. ಉಪ್ಪು.
ಕುಡಿದ ಕಡಲನ್ನು ಸೋಸಿ ಎಲೆಯಿಂದ ಹೊರಗಿಡುತ್ತದೆ ಇದು.
ಉಪ್ಪು ಬಿಡಿ ಎಂದು ನನಗೂ ಹೇಳಿದ್ದರು,
ಹೇಗೆ ಎಂದು ಹೇಳಿರಲಿಲ್ಲ.

ಮೌನ ಅನ್ನಲಾರೆ. ದೂರದಲ್ಲಿ ಗ್ಯಾಸ್ ಪ್ಲಾಂಟಿನ ಗುಂಯ್,
ಕಾಲ ಬುಡದಲ್ಲಿ ಗುಳುಗುಳು,
ಬೆಳ್ಳಕ್ಕಿಯೊಂದು ಕಾಲು ಬದಲಿಸುವುದು.
ಯಾವಾಗಲೋ ನನ್ನೆದೆ, ನನ್ನನ್ನು ಕೇಳದೆ,
ತಳದವರೆಗೆ ಒಂದು ಉಸಿರು ಎಳೆದುಕೊಂಡಿತು.
ಸ್ವರ್ಗದ ಬಾಗಿಲೇನೂ ತೆರೆಯಲಿಲ್ಲ.
ಬೆಲ್ಟನ್ನು ಒಂದು ತೂತು ಸಡಿಲಿಸಿದ ಹಾಗೆ.
ಆಮೇಲೆ ಇನ್ನೊಂದು ಉಸಿರು.

ನೀರು ಏರುತ್ತ ಬಂತು. ಹಮ್ಮಬ್ಬ ಹಾರ್ನ್ ಹಾಕಿದ.

ಸಾಲ ಅಷ್ಟೇ ಇದೆ. ಕ್ಯಾಂಪಿನ ಕೋಣೆಯಲ್ಲಿ ಎಂಟು ಮಂಚ,
ಮೇಲಿನದರಲ್ಲಿ ನೇಪಾಳದ ಟೇಕ್‌ರಾಜನ ಗೊರಕೆ.
ಮುಂದಿನ ತಿಂಗಳು ಪಟ್ಟಿ ನೂರ ನಲವತ್ತೊಂಬತ್ತು ಎಂದಿತು,
ಗುಳಿಗೆಯದೋ ಗಿಡದ್ದೋ, ಡಾಕ್ಟರಮ್ಮನೂ ಹೇಳಲಿಲ್ಲ.
ಆದರೆ ಆ ಶುಕ್ರವಾರ ಕಳೆದ ಬೆಳಿಗ್ಗೆ
ಅಲಾರಂ ನನ್ನನ್ನು ಎಬ್ಬಿಸಬೇಕಾಯಿತು.
ಅಷ್ಟು ವರ್ಷ ನಾನೇ ಎದ್ದು ಅದನ್ನು ಕಾಯುತ್ತಿದ್ದೆ.

ವ್ಯಾನಿನ ಮ್ಯಾಟು ಕೆಸರಾಯಿತೆಂದು
ಹಮ್ಮಬ್ಬನಿಗೆ ಇನ್ನೂ ಸಿಟ್ಟು.
"ಬರುವ ವಾರ ಮೀಯಲಿಕ್ಕೆ ಹೋಗುವಾಗ," ಎಂದ,
"ಕಾಲು ತೊಳೆಯಲು ಒಂದು ಕ್ಯಾನ್ ನೀರು ಹಿಡಿದುಕೋ."